ಬೇರಿನ ತುದಿಯಿಂದ ಎಷ್ಟು ದೂರ? ಸೈಟೋಸ್ಕೆಲಿಟನ್ ಜೋಡಣೆಯ ಬಗ್ಗೆ ಒಂದು ಉತ್ತರ

ಪ್ರಶ್ನೆ: ವಿರಾಜಪೇಟೆಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಸೈಟೋಸ್ಕೆಲಿಟನ್ (ಕೋಶದೊಳಗಿನ ಪ್ರೋಟೀನ್ ಎಳೆಗಳ ಜಾಲ) ಎಂದಾಗ ಪುಸ್ತಕಗಳಲ್ಲಿ ಸಿಗುವುದು ಕೋಶಕೇಂದ್ರದ ಪಕ್ಕದ ಪುಟ್ಟ ರಚನೆಯಾದ ಸೆಂಟ್ರಿಯೋಲ್‌ನಿಂದ ಸುತ್ತಲೂ ಹರಡಿದ ಎಳೆಗಳ ಚಿತ್ರ. ಸಸ್ಯಕೋಶದಲ್ಲಿ ಸೆಂಟ್ರಿಯೋಲ್ ಇಲ್ಲ ಎಂದೂ ಅದೇ ಪುಸ್ತಕ ಹೇಳುತ್ತದೆ. ಹಾಗಾದರೆ ಬೆಳೆಯುವ ಬೇರಿನ ಕೋಶದಲ್ಲಿ ಎಳೆಗಳು ಹೇಗಿರುತ್ತವೆ, ಅವನ್ನು ಜೋಡಿಸುವುದು ಯಾವುದು? ಕುಶಾಲನಗರದ ಕಡೆ ನಮ್ಮ ನೆಂಟರ ಮುಸುಕಿನ ಜೋಳದ ಹೊಲದಲ್ಲಿ ಪೆಂಡಿಮೆಥಾಲಿನ್ ಎಂಬ ಕಳೆನಾಶಕ ಹೊಡೆದ ಮೇಲೆ ಕೆಲವು ಸಸಿಗಳ ಬೇರಿನ ತುದಿ ಊದಿಕೊಂಡು ಗಿಡ್ಡಾಗಿದೆ. ಇದಕ್ಕೂ ಸೈಟೋಸ್ಕೆಲಿಟನ್‌ಗೂ ಸಂಬಂಧವಿದೆಯೇ? ಸಾಧಾರಣ ಮೈಕ್ರೋಸ್ಕೋಪಿನಲ್ಲಿ ಮಕ್ಕಳಿಗೆ ಏನಾದರೂ ತೋರಿಸಬಹುದೇ? ಎಂಎಸ್ಸಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಾಫಿ ಬೇರಿನ ಮೇಲೆ ಪ್ರಾಜೆಕ್ಟ್ ಮಾಡಬೇಕೆಂದಿದ್ದಾನೆ, ಅವನಿಗೂ ಒಂದೆರಡು ಮಾತು ಹೇಳಿ.

ಉತ್ತರ: ನೇರವಾಗಿ ಹೇಳುವುದಾದರೆ, ಬೇರಿನ ಕೋಶದ ಎಳೆಗಳಿಗೆ ಒಂದೇ ಕೇಂದ್ರವಿಲ್ಲ. ಹೆಚ್ಚಿನವು ಕೋಶಪೊರೆಯ ಒಳಮೈಗೆ ಅಂಟಿಕೊಂಡಿರುತ್ತವೆ. ಒಂದಕ್ಕೊಂದು ಎದುರಾಗಿ, ಕೆಲವು ಕುಸಿದು, ಕೆಲವು ತುಂಡಾಗಿ, ಉಳಿದವು ತಾವಾಗಿಯೇ ಸಾಲುಗೂಡುತ್ತವೆ. ಆ ಸಾಲು ಯಾವ ದಿಕ್ಕಿಗಿರುತ್ತದೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಕೋಶ ಬೇರಿನ ತುದಿಯಿಂದ ಎಷ್ಟು ದೂರದಲ್ಲಿದೆ ಎಂಬುದು. ಹಾಗಾಗಿ ಸಸ್ಯಕೋಶದ ಸೈಟೋಸ್ಕೆಲಿಟನ್ ಎಂದು ಒಂದೇ ಒಂದು ಚಿತ್ರವನ್ನು ಬೋರ್ಡಿನ ಮೇಲೆ ಬರೆಯುವುದಕ್ಕಿಂತ, ಒಂದು ಬೇರನ್ನು ಉದ್ದಕ್ಕೆ ಬರೆದು ನಾಲ್ಕೈದು ಕಡೆ ಒಂದೊಂದು ಕೋಶ ತೋರಿಸುವುದು ಒಳ್ಳೆಯದು. ಊದಿದ ಬೇರಿನ ವಿಷಯದಲ್ಲಿ ನೀವು ಕೇಳಿದ್ದು ನಿಜ, ಪೆಂಡಿಮೆಥಾಲಿನ್ ಕೆಲಸ ಮಾಡುವುದೇ ಈ ಎಳೆಗಳ ಮೇಲೆ.

ಮೊದಲು ಸಾಮಗ್ರಿ. ಮೈಕ್ರೊಟ್ಯೂಬ್ಯೂಲ್ ಎಂಬುದು ಟೊಳ್ಳಾದ ನಳಿಕೆ (ಮುಂದೆ ನಳಿಕೆ ಎಂದರೆ ಇದೇ), ಹೊರವ್ಯಾಸ ಸುಮಾರು 25 ನ್ಯಾನೋಮೀಟರ್. ಆಲ್ಫಾ ಮತ್ತು ಬೀಟಾ ಟ್ಯುಬುಲಿನ್ ಎಂಬ ಪ್ರೋಟೀನ್ ಜೋಡಿಯ 8 ನ್ಯಾನೋಮೀಟರ್ ಉದ್ದದ ತುಣುಕುಗಳು ಒಂದರ ಮೇಲೊಂದು ಕೂತು ಸಾಲಾಗುತ್ತವೆ. ಸಾಮಾನ್ಯವಾಗಿ ಅಂಥ 13 ಸಾಲು ಸೇರಿ ಒಂದು ನಳಿಕೆ. ಅದಕ್ಕೆ ಪ್ಲಸ್ ತುದಿ, ಮೈನಸ್ ತುದಿ ಎಂಬ ದಿಕ್ಕಿದೆ. ಪ್ಲಸ್ ತುದಿ ನಿಮಿಷಕ್ಕೆ ಕೆಲವು ಮೈಕ್ರಾನ್ ವೇಗದಲ್ಲಿ ಬೆಳೆಯುತ್ತದೆ, ಮತ್ತೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಆಕ್ಟಿನ್ ಎಂಬ ಪ್ರೋಟೀನಿನ ತಂತು ಇದಕ್ಕಿಂತ ತೆಳು, ಸುಮಾರು 7 ನ್ಯಾನೋಮೀಟರ್; ಒಂದೊಂದೇ ಎಳೆಯಾಗಿಯೂ ಇರುತ್ತದೆ, ಹತ್ತಾರು ಸೇರಿ ದಪ್ಪ ಕಟ್ಟಾಗಿಯೂ ಇರುತ್ತದೆ. ಪ್ರಾಣಿಕೋಶದ ಕೆರಟಿನ್‌ನಂಥ ಮೂರನೆಯ ಬಗೆಯ ತಂತುಗಳನ್ನು ಬೇರಿನ ಕೋಶರಸದಲ್ಲಿ ಹುಡುಕಲು ಹೋಗಬೇಡಿ. ಕೋಶಕ್ಕೆ ಗಟ್ಟಿತನ ಕೊಡುವ ಕೆಲಸವನ್ನು ಇಲ್ಲಿ ಕೋಶಭಿತ್ತಿ ಮತ್ತು ರಸದಾನಿಯ (ವ್ಯಾಕ್ಯೂಲ್) ಒತ್ತಡ ನೋಡಿಕೊಳ್ಳುತ್ತವೆ. ಎಳೆಗಳ ಕೆಲಸ ಬೇರೆಯೇ: ಭಿತ್ತಿಯ ಸಾಮಗ್ರಿ ಎಲ್ಲಿಗೆ ಹೋಗಬೇಕು, ಯಾವ ದಿಕ್ಕಿಗೆ ಹಾಸಬೇಕು, ಕೋಶ ಎಲ್ಲಿ ಎರಡಾಗಬೇಕು ಎಂಬುದನ್ನು ಅವು ನಿರ್ದೇಶಿಸುತ್ತವೆ.

ಕೇಂದ್ರವಿಲ್ಲದೆ ಸಾಲುಗೂಡುವುದು ಹೇಗೆ? ಹೊಸ ನಳಿಕೆಯನ್ನು ಹುಟ್ಟುಹಾಕುವ ಗಾಮಾ-ಟ್ಯುಬುಲಿನ್ ಸಂಕೀರ್ಣಗಳು ಪ್ರಾಣಿಕೋಶದಲ್ಲಿ ಬಹುಪಾಲು ಸೆಂಟ್ರಿಯೋಲ್ ಇರುವ ಸೆಂಟ್ರೋಸೋಮಿನಲ್ಲಿ ಕೂತಿದ್ದರೆ, ಇಲ್ಲಿ ಪೊರೆಯ ಒಳಮೈಯಲ್ಲೆಲ್ಲ ಚದುರಿವೆ. ಅವು ಹೆಚ್ಚಾಗಿ ಈಗಾಗಲೇ ಇರುವ ನಳಿಕೆಯ ಪಕ್ಕಕ್ಕೆ ಹತ್ತಿಕೊಂಡು, ಅಲ್ಲಿಂದ ಸುಮಾರು 40 ಡಿಗ್ರಿ ಕೋನದಲ್ಲಿ ಕವಲನ್ನೋ, ಇಲ್ಲವೇ ಹಳೆಯದಕ್ಕೆ ಸಮಾನಾಂತರವಾಗಿ ಒಂದು ಹೊಸದನ್ನೋ ಬೆಳೆಸುತ್ತವೆ. ಬೆಳೆಯುವ ತುದಿ ಇನ್ನೊಂದು ನಳಿಕೆಗೆ ಎದುರಾದಾಗ ಕೋನ ಕಡಿಮೆಯಿದ್ದರೆ ಅದರ ಪಕ್ಕಕ್ಕೆ ತಿರುಗಿ ಜೊತೆಯಾಗಿ ಸಾಗುತ್ತದೆ. ಕೋನ ಕಡಿದಾಗಿದ್ದರೆ ಕುಸಿಯುತ್ತದೆ, ಅಥವಾ ದಾಟಿ ಹೋಗುತ್ತದೆ. ಹೀಗೆ ದಾಟಿದ ಜಾಗಗಳಲ್ಲೂ ಕವಲಿನ ಬುಡದಲ್ಲೂ ಕಟಾನಿನ್ ಎಂಬ ಪ್ರೋಟೀನ್ ನಳಿಕೆಯನ್ನು ಕತ್ತರಿಸುತ್ತದೆ. ಬುಡ ಕಳಚಿದ ನಳಿಕೆ ಹಿಂದಿನಿಂದ ನಿಧಾನವಾಗಿ ಕರಗುತ್ತ, ಮುಂದಿನಿಂದ ಬೆಳೆಯುತ್ತ ಪೊರೆಯ ಮೇಲೆ ಸರಿಯುತ್ತದೆ. ಈ ನಾಲ್ಕೈದು ನಿಯಮಗಳು ಸಾವಿರಾರು ಸಲ ನಡೆದರೆ ಸಾಕು, ಗೊಂದಲವಾಗಿದ್ದ ಎಳೆಗಳು ಒಂದೇ ದಿಕ್ಕಿಗೆ ಬರುತ್ತವೆ. ಬೇರಿನ ಎಳೆಯ ಕೋಶಗಳು ಪೆಟ್ಟಿಗೆಯಾಕಾರದವು, ಅಂಚುಗಳು ಚೂಪು. ಅಂಥ ಅಂಚನ್ನು ದಾಟುವಾಗ ನಳಿಕೆ ಕುಸಿಯದಂತೆ ಕ್ಲಾಸ್ಪ್ ಎಂಬ ಪ್ರೋಟೀನ್ ಕಾಯುತ್ತದೆ. ಯಾವ ಅಂಚಿನಲ್ಲಿ ಅದು ಹೆಚ್ಚಿದೆಯೋ ಆ ಕಡೆಗೆ ಸಾಲು ಬಾಗುತ್ತದೆ. ಅಂದರೆ ಕೋಶದ ಆಕಾರವೂ ಈ ಜೋಡಣೆಯಲ್ಲಿ ಪಾಲುದಾರ.

ಈಗ ಬೇರಿನ ಉದ್ದಕ್ಕೂ ನೋಡೋಣ. ಮುಸುಕಿನ ಜೋಳದ ಬೇರನ್ನೇ ತೆಗೆದುಕೊಳ್ಳುತ್ತೇನೆ, ಬರಿಗಣ್ಣಿಗೂ ಅಳೆಯಲು ಸಿಗುತ್ತದೆ. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಪುಟ್ಟ ಗಿಡ ಅರಬಿಡೊಪ್ಸಿಸ್‌ನಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದು ಮಿಲಿಮೀಟರಿನೊಳಗೆ ಮುಗಿದುಹೋಗುತ್ತವೆ.

ತುದಿಯ ಬೇರುಟೋಪಿಯಲ್ಲಿ, ಗುರುತ್ವ ಗ್ರಹಿಸುವ ಪಿಷ್ಟದ ಕಣಗಳಿರುವ ಕೋಶಗಳಲ್ಲಿ, ಆಕ್ಟಿನ್ ನವಿರಾದ ಜಾಲವಾಗಿರುತ್ತದೆ, ದಪ್ಪ ಕಟ್ಟುಗಳು ಕಾಣುವುದಿಲ್ಲ. ಅದರ ಹಿಂದಿನ ಒಂದೆರಡು ಮಿಲಿಮೀಟರ್ ವಿಭಜನೆಯ ಜಾಗ. ಇಲ್ಲಿ ಒಂದೇ ಕೋಶ ಕೆಲವು ಗಂಟೆಗಳಲ್ಲಿ ನಾಲ್ಕು ಬೇರೆ ಬೇರೆ ಜೋಡಣೆ ಕಟ್ಟಿ ಬಿಚ್ಚುತ್ತದೆ. ವಿಭಜನೆಯ ನಡುವಿನ ಹೊತ್ತಿನಲ್ಲಿ ನಳಿಕೆಗಳು ಪೊರೆಯ ಕೆಳಗೆ ಹರಡಿರುತ್ತವೆ. ವಿಭಜನೆಗೆ ಸ್ವಲ್ಪ ಮೊದಲು ಅವೆಲ್ಲ ಒಂದು ಕಡೆ ಒತ್ತಾಗಿ ಸೇರಿ, ಕೋಶದ ನಡುವಿನ ಸುತ್ತ ಪಟ್ಟಿಯಾಗುತ್ತವೆ. ಈ ಪ್ರೀಪ್ರೊಫೇಸ್ ಪಟ್ಟಿಯನ್ನು ಪಿಕೆಟ್-ಹೀಪ್ಸ್ ಮತ್ತು ನಾರ್ತ್‌ಕೋಟ್ 1966ರಲ್ಲಿ ಗೋಧಿಯಲ್ಲಿ ವಿವರಿಸಿದರು. ವರ್ಣತಂತುಗಳು ನಡುವೆ ಸಾಲುಗೂಡುವ ಮೆಟಾಫೇಸ್ ಹೊತ್ತಿಗೆ ಪಟ್ಟಿ ಮಾಯ. ಆದರೆ ಹೊಸ ಅಡ್ಡಗೋಡೆ ಕೊನೆಗೆ ಹೋಗಿ ಸೇರುವುದು ಪಟ್ಟಿ ಇದ್ದ ಜಾಗಕ್ಕೇ. ಅಲ್ಲಿ ಉಳಿದುಕೊಂಡ ಕೆಲವು ಪ್ರೋಟೀನ್‌ಗಳು ಗುರುತನ್ನು ಕಾಯುತ್ತವೆ. ಅಡ್ಡಗೋಡೆಯ ಜಾಗವನ್ನು ತೀರ್ಮಾನಿಸುವುದೇ ಪಟ್ಟಿ ಎಂದು ಬಹಳ ಕಾಲ ಪಾಠ ಹೇಳಲಾಗುತ್ತಿತ್ತು. 2017ರಲ್ಲಿ, ಪಟ್ಟಿ ಕಟ್ಟಲಾರದ ಅರಬಿಡೊಪ್ಸಿಸ್ ರೂಪಾಂತರಿಗಳ (ಜೀನ್ ಬದಲಾದ ಗಿಡಗಳ) ಬೇರಿನಲ್ಲಿ ನೋಡಿದಾಗ ಅಡ್ಡಗೋಡೆಗಳು ಬಹುಪಾಲು ಸರಿಯಾಗಿಯೇ ಬಂದಿದ್ದವು, ಕೋನದಲ್ಲಿ ಏರುಪೇರು ಮಾತ್ರ ಹೆಚ್ಚಿತ್ತು. ಪಟ್ಟಿ ಇರುವುದು ದಿಕ್ಕನ್ನು ಬಿಗಿಗೊಳಿಸಲು ಎಂದು ಈಗ ಹೇಳುವುದು ಸರಿ. ಪಟ್ಟಿಯ ನಂತರ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಕದಿರು, ಕದಿರಿನ ನಂತರ ಹೊಸ ಗೋಡೆ ಕಟ್ಟುವ ಫ್ರಾಗ್ಮೊಪ್ಲಾಸ್ಟ್. ಇದರಲ್ಲಿ ಎರಡು ಗುಂಪು ನಳಿಕೆಗಳು ಪ್ಲಸ್ ತುದಿಗಳನ್ನು ಮಧ್ಯಕ್ಕೆ ಚಾಚಿ ನಿಲ್ಲುತ್ತವೆ, ಗಾಲ್ಗಿ ಎಂಬ ಕೋಶಾಂಗದಿಂದ ಬಂದ ಕೋಶಿಕೆಗಳು (ಭಿತ್ತಿಯ ಸಾಮಗ್ರಿ ತುಂಬಿದ ಪುಟ್ಟ ಚೀಲಗಳು) ಆ ಹಾದಿಯಲ್ಲಿ ನಡುವಿಗೆ ಬಂದು ಬೆಸೆದುಕೊಂಡು ಕೋಶಫಲಕವಾಗುತ್ತವೆ. ಫಲಕ ನಡುವಿನಿಂದ ಅಂಚಿಗೆ ಹರಡುವಾಗ ನಳಿಕೆಗಳು ಒಳಗೆ ಕರಗುತ್ತ ಹೊರ ಅಂಚಿನಲ್ಲಿ ಹೊಸದಾಗಿ ಹುಟ್ಟುತ್ತವೆ.

ವಿಭಜನೆ ಮುಗಿಯುತ್ತ ಬಂದು, ವೇಗದ ಬೆಳವಣಿಗೆ ಇನ್ನೂ ಶುರುವಾಗದ ಒಂದು ಚಿಕ್ಕ ತುಣುಕಿದೆ, ಪರಿವರ್ತನಾ ವಲಯ. ಇಲ್ಲಿ ಕೋಶಕೇಂದ್ರ ನಡುವೆ ನಿಂತಿರುತ್ತದೆ, ಅದರ ಮೈಯಿಂದ ನಳಿಕೆಗಳು ಹೊರಪೊರೆಯ ಕಡೆಗೆ ಚಾಚಿರುತ್ತವೆ. ನಿಮ್ಮ ಪಠ್ಯದ ಚಿತ್ರಕ್ಕೆ ತುಸು ಹತ್ತಿರ ಬರುವ ಜೋಡಣೆ ಬೇರಿನಲ್ಲಿ ಸಿಗುವುದು ಇಲ್ಲೇ, ಆದರೆ ಸೆಂಟ್ರಿಯೋಲ್ ಇಲ್ಲದೆ.

ಆಮೇಲೆ ಬರುವುದು ನೀಳವಾಗುವ ವಲಯ. ಮುಸುಕಿನ ಜೋಳದಲ್ಲಿ ತುದಿಯಿಂದ ನಾಲ್ಕೈದು ಮಿಲಿಮೀಟರ್ ಸುಮಾರಿಗೆ ಬೆಳವಣಿಗೆಯ ವೇಗ ಅತಿ ಹೆಚ್ಚು, ಹತ್ತು ಹನ್ನೆರಡು ಮಿಲಿಮೀಟರಿಗೆ ಅದು ನಿಲ್ಲುತ್ತದೆ. ಒಂದೊಂದು ಕೋಶವೂ ಇಷ್ಟರಲ್ಲಿ ಸುಮಾರು ಹತ್ತು ಪಟ್ಟು ಉದ್ದವಾಗುತ್ತದೆ, ಅಗಲ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಈ ಕೋಶಗಳಲ್ಲಿ ನಳಿಕೆಗಳು ಬೇರಿನ ಉದ್ದಕ್ಕೆ ಅಡ್ಡಲಾಗಿ ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ಆಕ್ಟಿನ್ ಕಟ್ಟುಗಳು ಅದಕ್ಕೆ ವಿರುದ್ಧವಾಗಿ ಕೋಶದ ಉದ್ದಕ್ಕೆ ಓಡುತ್ತವೆ.

ಅಡ್ಡಸಾಲಿನ ಅರ್ಥ ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಕೋಶದೊಳಗಿನ ನೀರಿನ ಒತ್ತಡ ಎಲ್ಲ ದಿಕ್ಕಿಗೂ ಒಂದೇ. ಆದರೆ ಕೊಳವೆಯಾಕಾರದ ಗೋಡೆಯಲ್ಲಿ ಸುತ್ತಳತೆಯ ದಿಕ್ಕಿನ ಎಳೆತ ಉದ್ದದ ದಿಕ್ಕಿನ ಎಳೆತದ ಎರಡರಷ್ಟು. ಗೋಡೆ ಎಲ್ಲ ಕಡೆ ಒಂದೇ ಗಟ್ಟಿಯಿದ್ದರೆ ಕೋಶ ಉದ್ದವಾಗುವ ಬದಲು ದಪ್ಪಗಾಗಬೇಕಿತ್ತು. ಹಾಗಾಗದಿರಲು ಸೆಲ್ಯುಲೋಸ್ ನಾರುಗಳು ಅಡ್ಡಲಾಗಿ ಸುತ್ತುವರಿದಿವೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಪಂಪ್‌ಸೆಟ್‌ಗೆ ಜೋಡಿಸುವ ಸಕ್ಷನ್ ಹೋಸ್ ನೋಡಿರುತ್ತೀರಿ, ಗೋಡೆಯಲ್ಲಿ ಸುರುಳಿ ಹುದುಗಿಸಿರುತ್ತಾರೆ. ಅದರ ಸುತ್ತಳತೆ ಬದಲಾಗದು, ಉದ್ದಕ್ಕೆ ಮಾತ್ರ ತುಸು ಎಳೆಯಬಹುದು. ಬೇರಿನ ಕೋಶಭಿತ್ತಿಯಲ್ಲಿ ಆ ಸುರುಳಿಯ ಜಾಗದಲ್ಲಿರುವುದು ಸೆಲ್ಯುಲೋಸ್. ಅದನ್ನು ನೇಯುವ ಕಿಣ್ವದ ಗುಂಪುಗಳು ಪೊರೆಯಲ್ಲಿ ತೇಲುತ್ತ, ನಿಮಿಷಕ್ಕೆ ಕೆಲವು ನೂರು ನ್ಯಾನೋಮೀಟರ್ ವೇಗದಲ್ಲಿ ಸರಿಯುತ್ತ, ಹಿಂದೆ ನಾರನ್ನು ಬಿಡುತ್ತ ಹೋಗುತ್ತವೆ. ಸರಿಯುವ ದಾರಿ ಪೊರೆಯ ಕೆಳಗಿನ ನಳಿಕೆಗಳ ದಾರಿ.

ಇದು ತಿಳಿದ ಬಗೆ ಕುತೂಹಲದ್ದು. 1962ರಲ್ಲಿ ಪಾಲ್ ಗ್ರೀನ್ ಅವರು ನೈಟೆಲ್ಲಾ ಪಾಚಿಗೆ ಕದಿರನ್ನು ಕೆಡಿಸುವ ಕಾಲ್ಚಿಸಿನ್ ಎಂಬ ವಿಷ ಕೊಟ್ಟು, ನೀಳಕೋಶ ಊದಿಕೊಳ್ಳುವುದನ್ನು ಕಂಡು, ಕದಿರಿನ ಎಳೆಗಳಂಥದ್ದೇ ಏನೋ ಭಿತ್ತಿಯ ನಾರುಗಳಿಗೆ ದಿಕ್ಕು ತೋರಿಸುತ್ತಿರಬೇಕು ಎಂದರು. ಮರುವರ್ಷ, 1963ರಲ್ಲಿ, ಲೆಡ್‌ಬೆಟರ್ ಮತ್ತು ಪೋರ್ಟರ್ ಗ್ಲೂಟರಾಲ್ಡಿಹೈಡ್ ಎಂಬ ರಾಸಾಯನಿಕ ಬಳಸಿ ಫಿಕ್ಸ್ ಮಾಡಿದ (ಇದ್ದ ಹಾಗೆಯೇ ಸ್ಥಿರಗೊಳಿಸಿದ) ಸಸ್ಯಕೋಶಗಳಲ್ಲಿ ಪೊರೆಯ ಕೆಳಗಿನ ನಳಿಕೆಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡರು. ಅದಕ್ಕೂ ಮೊದಲಿನ ಫಿಕ್ಸಿಂಗ್ ವಿಧಾನಗಳಲ್ಲಿ ಅವು ಉಳಿಯುತ್ತಲೇ ಇರಲಿಲ್ಲ. ಸೆಲ್ಯುಲೋಸ್ ಕಿಣ್ವ ನಳಿಕೆಯ ಹಾದಿಯಲ್ಲೇ ಸಾಗುವುದನ್ನು ಜೀವಂತ ಕೋಶದಲ್ಲಿ ನೋಡಲು 2006ರವರೆಗೆ ಕಾಯಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಳಿಕೆ ಹೋದರೆ ಸೆಲ್ಯುಲೋಸ್ ಕೂಡಲೇ ದಿಕ್ಕು ತಪ್ಪುತ್ತದೆ, ಅದಕ್ಕೇ ಬೇರು ಊದುತ್ತದೆ ಎಂಬ ಸರಳ ವಿವರಣೆ ಬೇರಿನಲ್ಲಿ ಪೂರ್ತಿ ಹೊಂದುವುದಿಲ್ಲ. ಅರಬಿಡೊಪ್ಸಿಸ್‌ನ ಮಾರ್-1 ಎಂಬ ರೂಪಾಂತರಿಯಲ್ಲಿ 21 ಡಿಗ್ರಿಯಲ್ಲಿ ಬೇರು ಸರಿಯಾಗಿದ್ದು, 29 ಡಿಗ್ರಿಗೆ ಏರಿಸಿದರೆ ನಳಿಕೆಗಳು ಚೂರಾಗಿ ಚದುರುತ್ತವೆ, ಬೇರು ಊದುತ್ತದೆ. ಹಾಗೆ ಊದಿದ ಬೇರಿನಲ್ಲೂ ಸೆಲ್ಯುಲೋಸ್ ನಾರುಗಳು ಅಡ್ಡಲಾಗಿಯೇ ಇರುವುದು 2003ರಲ್ಲಿ ಕಂಡುಬಂತು. ಅಂದರೆ ನಳಿಕೆಗಳು ದಿಕ್ಕಿನ ಜೊತೆಗೆ ಭಿತ್ತಿಯ ಇತರ ಗುಣಗಳನ್ನೂ ನಿಯಂತ್ರಿಸುತ್ತವೆ. ಮಕ್ಕಳಿಗೆ ಪಾಠ ಮಾಡುವಾಗ, ನಳಿಕೆ ಹೋದರೆ ಬೇರು ದಿಕ್ಕಿಲ್ಲದೆ ಊದುತ್ತದೆ ಎಂಬಲ್ಲಿಗೆ ನಿಲ್ಲಿಸಿದರೆ ಅದು ಖಚಿತ. ನಾರು ಅಸ್ತವ್ಯಸ್ತವಾಗುವುದರಿಂದ ಮಾತ್ರ ಎಂದು ಸೇರಿಸಿದರೆ ಅಲ್ಲ.

ನಳಿಕೆ ದಾರಿ ತೋರಿಸುತ್ತದೆ, ಸಾಮಾನು ಸಾಗಿಸುವುದು ಆಕ್ಟಿನ್. ಅದರ ಮೇಲೆ ಮಯೋಸಿನ್ ಪ್ರೋಟೀನ್‌ಗಳು ಗಾಲ್ಗಿಯನ್ನೂ ಕೋಶಿಕೆಗಳನ್ನೂ ಎಳೆದುಕೊಂಡು ಹೋಗುತ್ತವೆ. ಸೆಲ್ಯುಲೋಸ್ ಕಿಣ್ವ ಪೊರೆಗೆ ತಲುಪುವುದು ಹೀಗೆ. ಬೆಳವಣಿಗೆ ನಿಲ್ಲುವ ಕಡೆ ಅಡ್ಡಸಾಲಿನ ನಳಿಕೆಗಳು ಓರೆಯಾಗಿ, ಮುಂದೆ ಉದ್ದಕ್ಕೂ ತಿರುಗುತ್ತವೆ. ತಿರುಗಿದ್ದರಿಂದ ಬೆಳವಣಿಗೆ ನಿಂತಿತು ಎನ್ನುವುದಕ್ಕಿಂತ, ಬೆಳವಣಿಗೆ ತಗ್ಗಿದ ಮೇಲೆ ತಿರುಗಿದವು ಎಂಬುದಕ್ಕೇ ಬೇರಿನಲ್ಲಿ ಆಧಾರ ಹೆಚ್ಚು. ಬೇರು ಕೆಳಕ್ಕೆ ಬಾಗುವುದಕ್ಕೂ ನಳಿಕೆಗಳ ಮರುಜೋಡಣೆ ಬೇಕೇಬೇಕೆಂದಿಲ್ಲ, ನಳಿಕೆಗಳನ್ನು ಕರಗಿಸಿದ ಮುಸುಕಿನ ಜೋಳದ ಬೇರುಗಳೂ ಬಾಗಿವೆ.

ಕೊನೆಯದು ಬೇರುರೋಮ. ಇಲ್ಲಿ ಇಡೀ ಕೋಶ ಬೆಳೆಯುವುದಿಲ್ಲ, ತುದಿ ಮಾತ್ರ. ರೋಮದ ಕಾಂಡದಲ್ಲಿ ಆಕ್ಟಿನ್‌ನ ದಪ್ಪ ಕಟ್ಟುಗಳು ಉದ್ದಕ್ಕೆ, ತುದಿಯ ಹಿಂದೆ ಅವೇ ಬಿಡಿಬಿಡಿಯಾಗಿ ನವಿರು ಎಳೆಗಳು, ತೀರಾ ತುದಿಯಲ್ಲಿ ಕೋಶಿಕೆಗಳು ತುಂಬಿದ ತಿಳಿಯಾದ ಜಾಗ. ಅಲ್ಲಿ ಕ್ಯಾಲ್ಸಿಯಂ ಹೆಚ್ಚಿರುತ್ತದೆ. ಆಕ್ಟಿನ್ ಕೆಡಿಸಿದರೆ ರೋಮದ ಬೆಳವಣಿಗೆ ನಿಲ್ಲುತ್ತದೆ. ಅರಬಿಡೊಪ್ಸಿಸ್‌ನಲ್ಲಿ ನಳಿಕೆ ಕೆಡಿಸಿದರೆ ಬೆಳವಣಿಗೆ ಮುಂದುವರಿಯುತ್ತದೆ, ಆದರೆ ದಾರಿ ತಪ್ಪಿ ಅಂಕುಡೊಂಕಾಗುತ್ತದೆ, ಒಂದೇ ರೋಮಕ್ಕೆ ಎರಡು ತುದಿ ಬರುವುದೂ ಉಂಟು. ಎರಡು ಬಗೆಯ ಎಳೆಗಳ ಕೆಲಸ ಇಷ್ಟು ಸ್ಪಷ್ಟವಾಗಿ ಬೇರೆಯಾಗಿ ಕಾಣುವ ಜಾಗ ಬೇರಿನಲ್ಲಿ ಇನ್ನೊಂದಿಲ್ಲ.

ಇನ್ನು ಕುಶಾಲನಗರದ ಹೊಲ. ಪೆಂಡಿಮೆಥಾಲಿನ್ ಡೈನೈಟ್ರೋಅನಿಲಿನ್ ಗುಂಪಿನ ಕಳೆನಾಶಕ. ಸಸ್ಯದ ಟ್ಯುಬುಲಿನ್‌ಗೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಪ್ರಾಣಿ ಟ್ಯುಬುಲಿನ್‌ಗೆ ಅಷ್ಟಾಗಿ ಹಿಡಿಯುವುದಿಲ್ಲ. ಹಿಡಿದ ಟ್ಯುಬುಲಿನ್ ನಳಿಕೆಗೆ ಸೇರುವುದಿಲ್ಲ, ಇದ್ದ ನಳಿಕೆ ಕರಗುತ್ತ ಹೋಗುತ್ತದೆ. ಕದಿರಿಲ್ಲದೆ ವಿಭಜನೆ ನಿಲ್ಲುತ್ತದೆ, ಅಡ್ಡಸಾಲಿಲ್ಲದೆ ನೀಳವಾಗಬೇಕಿದ್ದ ಕೋಶಗಳು ದಪ್ಪಗಾಗುತ್ತವೆ. ನೀವು ಕಂಡ ಊತ ಅದೇ. ಮುಸುಕಿನ ಜೋಳಕ್ಕೆ ಈ ಔಷಧಿಯನ್ನು ತಾಳುವ ಶಕ್ತಿ ಬಹುಪಾಲು ಬಿತ್ತನೆಯ ಆಳದಿಂದ ಬಂದದ್ದು. ಔಷಧಿ ಮೇಲ್ಮಣ್ಣಿಗೆ ಗಟ್ಟಿಯಾಗಿ ಅಂಟಿ ತೆಳು ಪದರವಾಗಿ ನಿಲ್ಲುತ್ತದೆ, ಬೀಜ ಅದರ ಕೆಳಗೆ ಮೊಳೆಯುತ್ತದೆ. ಬೀಜ ಮೇಲಕ್ಕೆ ಬಿದ್ದಿದ್ದರೆ, ಸಾಲು ಸರಿಯಾಗಿ ಮುಚ್ಚದೆ ಬಿರುಕು ಉಳಿದಿದ್ದರೆ, ಮರಳು ಹೆಚ್ಚಿ ಸಾವಯವ ಅಂಶ ಕಡಿಮೆಯಿದ್ದರೆ, ಸಿಂಪಡಿಸಿದ ಬೆನ್ನಿಗೇ ಜೋರು ಮಳೆ ಬಂದರೆ ಬೇರಿನ ತುದಿಗೆ ಔಷಧಿ ತಾಗುತ್ತದೆ. ಕೆಲವು ಸಸಿಗಳು ಮಾತ್ರ ಹೀಗಾಗಿವೆ ಎಂದಿದ್ದೀರಿ. ಆ ಸಸಿಗಳ ಬೀಜ ಎಷ್ಟು ಆಳದಲ್ಲಿತ್ತು ಎಂದು ಕಿತ್ತು ಅಳೆದು, ಸರಿಯಿರುವ ಸಸಿಗಳ ಜೊತೆ ಹೋಲಿಸಿ. ನಾಲ್ಕು ಸೆಂಟಿಮೀಟರಿಗಿಂತ ಮೇಲಿದ್ದರೆ ಕಾರಣ ಬಹುತೇಕ ಅದೇ.

ಆದರೆ ಗಿಡ್ಡಾದ ಬೇರೆಲ್ಲ ಕಳೆನಾಶಕದ್ದಲ್ಲ. ಕೊಡಗಿನ ಮಣ್ಣು ಹೆಚ್ಚಿನ ಕಡೆ ಹುಳಿ. ಪಿಎಚ್ 5.5ಕ್ಕಿಂತ ಕೆಳಗಿಳಿದಂತೆ, ಅದರಲ್ಲೂ 5ರ ಕೆಳಗೆ, ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ. ಅದು ಹೊಡೆಯುವುದು ಪರಿವರ್ತನಾ ವಲಯಕ್ಕೆ, ಮುಸುಕಿನ ಜೋಳದಲ್ಲಿ ತುದಿಯಿಂದ 1–2 ಮಿಲಿಮೀಟರ್. ಅಲ್ಲಿನ ನಳಿಕೆ ಮತ್ತು ಆಕ್ಟಿನ್ ಎರಡರ ಜೋಡಣೆಯೂ ಏರುಪೇರಾಗುತ್ತದೆ. ಅಲ್ಯೂಮಿನಿಯಂ ತಗುಲಿದ ಬೇರು ಗಿಡ್ಡಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಮೈ ಸೀಳುತ್ತದೆ, ಕವಲುಬೇರುಗಳೂ ಮೊಂಡಾಗುತ್ತವೆ, ಇಡೀ ಹೊಲದಲ್ಲಿ ಹರಡಿರುತ್ತದೆ. ಕಳೆನಾಶಕದ್ದರಲ್ಲಿ ಊತ ನಯವಾಗಿ, ಬೆಳ್ಳಗೆ, ಸಾಲಿನಲ್ಲಿ ಅಲ್ಲಲ್ಲಿ ಇರುತ್ತದೆ. ಗಂಟುಬೇರು ಜಂತುಹುಳುವಿನ ಗಂಟುಗಳಾದರೆ ಬೇರಿನ ನಡುನಡುವೆಯೂ ಇರುತ್ತವೆ. ಮಣ್ಣಿನ ಪಿಎಚ್ ಪರೀಕ್ಷೆ ಮಾಡಿಸದೆ ಸುಣ್ಣ ಸುರಿಯಬೇಡಿ, ಔಷಧಿಯನ್ನೂ ದೂರಬೇಡಿ.

ನಮ್ಮ ರಾಗಿಗೆ ಈ ಕತೆಯಲ್ಲಿ ಒಂದು ನೆಂಟಸ್ತಿಕೆ ಇದೆ. ಗದ್ದೆ ಬದುಗಳಲ್ಲಿ ಬೆಳೆಯುವ, ತೆನೆ ರಾಗಿಯಂತೆಯೇ ಕಾಣುವ ಎಲೂಸಿನ್ ಇಂಡಿಕಾ ಎಂಬ ಕಳೆಹುಲ್ಲು ರಾಗಿಯ ಪೂರ್ವಜರಲ್ಲೊಂದು ಎಂದು ತಳಿಶಾಸ್ತ್ರಜ್ಞರು ಹೇಳುತ್ತಾರೆ. ಅಮೆರಿಕದ ಹತ್ತಿ ಹೊಲಗಳಲ್ಲಿ ವರ್ಷಾನುಗಟ್ಟಲೆ ಈ ಗುಂಪಿನ ಕಳೆನಾಶಕ ಬಿದ್ದ ಕಡೆ ಅದರ ನಿರೋಧಕ ಸಂತತಿ ಹುಟ್ಟಿತು. ಅದರ ಆಲ್ಫಾ ಟ್ಯುಬುಲಿನ್‌ನಲ್ಲಿ 239ನೇ ಜಾಗದ ಥ್ರಿಯೋನಿನ್ ಬದಲು ಐಸೊಲ್ಯೂಸಿನ್ ಕೂತಿದೆ ಎಂದು 1998ರಲ್ಲಿ ಗೊತ್ತಾಯಿತು. ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ನಳಿಕೆಗಳು ಔಷಧಿಗೆ ಜಗ್ಗದೆ ಉಳಿದವು. ಔಷಧಿಯ ಗುರಿ ಟ್ಯುಬುಲಿನ್ ಎನ್ನುವುದಕ್ಕೆ ಇದಕ್ಕಿಂತ ನೇರ ಪುರಾವೆ ತರಗತಿಗೆ ಸಿಗುವುದು ಕಷ್ಟ.

ತರಗತಿಯಲ್ಲಿ ತೋರಿಸುವುದು. ನಳಿಕೆ ನಿಮ್ಮ ಮೈಕ್ರೋಸ್ಕೋಪಿಗೆ ಕಾಣದು, ಅದರ ಕೆಲಸ ಕಾಣುತ್ತದೆ. ಮುಸುಕಿನ ಜೋಳದ ಕಾಳನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬ್ಲಾಟಿಂಗ್ ಕಾಗದದಲ್ಲಿ ಸುರುಳಿ ಸುತ್ತಿ ನಿಲ್ಲಿಸಿ. ಬೇರು 2–3 ಸೆಂಟಿಮೀಟರ್ ಆದಾಗ ತುದಿಯಿಂದ ಒಂದೊಂದು ಮಿಲಿಮೀಟರಿಗೆ ಇಂಡಿಯನ್ ಇಂಕಿನಲ್ಲಿ ಸಣ್ಣ ಚುಕ್ಕೆ ಇಡಿ. ಪೆಂಡಿಮೆಥಾಲಿನ್ 30 ಇಸಿ ಎಂದರೆ ಲೀಟರಿಗೆ 300 ಗ್ರಾಂ. ಅದರ 1 ಮಿಲಿಲೀಟರನ್ನು ಒಂದು ಲೀಟರ್ ನೀರಿಗೆ, ಆ ದ್ರಾವಣದ 10 ಮಿಲಿಲೀಟರನ್ನು ಮತ್ತೆ ಒಂದು ಲೀಟರಿಗೆ ಬೆರೆಸಿದರೆ ಲೀಟರಿಗೆ 3 ಮಿಲಿಗ್ರಾಂ, ಅಂದರೆ ಸುಮಾರು 10 ಮೈಕ್ರೋಮೋಲಾರ್. ಇದನ್ನು ಇನ್ನೂ ಹತ್ತು ಪಟ್ಟು ತೆಳು ಮಾಡಿ ಎರಡನೆಯ ದ್ರಾವಣ, ಬರಿ ನೀರಿನದು ಮೂರನೆಯದು. ಗಾಜಿನ ಪಾತ್ರೆಯನ್ನೇ ಬಳಸಿ, ಪ್ಲಾಸ್ಟಿಕ್‌ಗೆ ಔಷಧಿ ಅಂಟಿ ಸಾಂದ್ರತೆ ಇಳಿಯುತ್ತದೆ. ನೀರಿನಲ್ಲಿ ಇದು ಸರಿಯಾಗಿ ಕರಗುವುದಿಲ್ಲ, ಪ್ರತಿ ಸಲ ಕುಲುಕಿಯೇ ತೆಗೆಯಬೇಕು. ಕೈಗವಸು ಬೇಕೇಬೇಕು, ಅಳತೆ ನೀವೇ ಮಾಡಿ, ಮಕ್ಕಳ ಕೈಗೆ ಮೂಲ ಬಾಟಲಿ ಕೊಡಬೇಡಿ. ಉಳಿದದ್ದನ್ನು ಸಿಂಕಿಗಾಗಲಿ ತೋಡಿಗಾಗಲಿ ಚೆಲ್ಲಬೇಡಿ, ಮೀನಿಗೆ ಇದು ತೀವ್ರ ವಿಷ.

ಒಂದೆರಡು ದಿನದಲ್ಲಿ ನೀರಿನ ಬೇರಿನಲ್ಲಿ ತುದಿಯ ಹಿಂದಿನ ಚುಕ್ಕೆಗಳು ದೂರದೂರ ಸರಿದಿರುತ್ತವೆ. ಔಷಧಿಯ ಬೇರಿನಲ್ಲಿ ಚುಕ್ಕೆಗಳು ಹತ್ತಿರವೇ ಉಳಿದು, ಅದೇ ಜಾಗ ದಪ್ಪಗಾಗಿರುತ್ತದೆ. ಬ್ಲೇಡಿನಲ್ಲಿ ಉದ್ದಕ್ಕೆ ತೆಳುವಾಗಿ ಸೀಳಿ, 0.05% ಟೊಲ್ಯುಡಿನ್ ಬ್ಲೂನಲ್ಲಿ ಒಂದು ನಿಮಿಷ ಇಟ್ಟು ತೊಳೆದು ನೋಡಿದರೆ ಕೋಶಗಳು ಉದ್ದವಾಗುವ ಬದಲು ಉರುಟಾಗಿರುವುದು ಚೆನ್ನಾಗಿ ಕಾಣುತ್ತದೆ. ಊತ ಬಾರದಿದ್ದರೆ ಬಹುಪಾಲು ಚಳಿಯೇ ಕಾರಣ. ಡಿಸೆಂಬರ್, ಜನವರಿಯಲ್ಲಿ ಮಡಿಕೇರಿ ಕಡೆಯ ಕೋಣೆಗಳಲ್ಲಿ ರಾತ್ರಿ ಈ ಬೇರು ಬೆಳೆಯುವುದು ತೀರಾ ಕಡಿಮೆ. ಬೆಳೆಯದ ಕೋಶ ಊದುವುದೂ ಇಲ್ಲ. 25 ಡಿಗ್ರಿ ಹತ್ತಿರ ಇರುವಂತೆ ಬಲ್ಬು ಹಾಕಿದ ಪೆಟ್ಟಿಗೆಯಲ್ಲಿಡಿ. ದ್ರಾವಣ ತೀರಾ ಗಟ್ಟಿಯಾದರೂ ಬೇರು ಊದದೆ ಸುಮ್ಮನೆ ಸಾಯುತ್ತದೆ.

ಎರಡನೆಯದು ಕಾಫಿ ನಾಡಿಗೆ ಒಪ್ಪುವ ಪ್ರಯೋಗ. ಕೆಫೀನ್ ಕೋಶಫಲಕ ಪೂರ್ಣವಾಗದಂತೆ ತಡೆಯುತ್ತದೆ, ಕೋಶಿಕೆಗಳು ಸೇರಿದರೂ ಫಲಕ ನಿಲ್ಲದೆ ಕರಗಿಹೋಗುತ್ತದೆ. ಈರುಳ್ಳಿಯ ಹಳೆಯ ಬೇರು ಕೆರೆದು ನೀರಿನ ಮೇಲಿಟ್ಟು, ಹೊಸ ಬೇರು 2 ಸೆಂಟಿಮೀಟರ್ ಆದಾಗ 0.1% ಕೆಫೀನ್‌ನಲ್ಲಿ, ಅಂದರೆ 100 ಮಿಲಿಲೀಟರಿಗೆ 100 ಮಿಲಿಗ್ರಾಂ, ನಾಲ್ಕೈದು ಗಂಟೆ ಇಡಿ. ಆಮೇಲೆ ಎಂದಿನಂತೆ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಫಿಕ್ಸ್ ಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ ಸ್ಕ್ವಾಶ್ ಮಾಡಿ (ಅದುಮಿ ತೆಳುವಾಗಿ ಹರಡಿ). ಒಂದೇ ಗೋಡೆಯೊಳಗೆ ಎರಡು ಕೋಶಕೇಂದ್ರಗಳಿರುವ ಕೋಶಗಳು ಸಿಗುತ್ತವೆ. ಆ ಹೊತ್ತಿನಲ್ಲಿ ವಿಭಜನೆಯ ಕೊನೆಯ ಹಂತವಾದ ಟೀಲೋಫೇಸ್ ದಾಟಿದ ಕೋಶಗಳು ಮಾತ್ರ ಹಾಗಾಗುವುದರಿಂದ ಸಂಖ್ಯೆ ಕಡಿಮೆ, ತಾಳ್ಮೆಯಿಂದ ಹುಡುಕಬೇಕು. ಕುಡಿಯುವ ಕಾಫಿ ಡಿಕಾಕ್ಷನ್ ಬಳಸಿದರೆ ಬೇರೆ ನೂರೆಂಟು ವಸ್ತುಗಳು ಸೇರಿ ಬೇರು ಕಂದಾಗುತ್ತದೆ. ಶುದ್ಧ ಕೆಫೀನ್ ತರಿಸಿ.

ಮೂರನೆಯದಕ್ಕೆ ರಾಸಾಯನಿಕವೇ ಬೇಡ. ರಾಗಿಯನ್ನು ಒದ್ದೆ ಬ್ಲಾಟಿಂಗ್ ಮೇಲೆ ಮುಚ್ಚಿದ ಪೆಟ್ರಿ ಡಿಶ್‌ನಲ್ಲಿ ಮೊಳೆಯಿಸಿದರೆ ಎರಡು ಮೂರು ದಿನಕ್ಕೆ ಬೇರುರೋಮ ದಟ್ಟವಾಗಿ ಬರುತ್ತದೆ. ಇಡೀ ಸಸಿಯನ್ನು ನೀರಿನ ಹನಿಯಲ್ಲಿಟ್ಟು, ಕವರ್‌ಸ್ಲಿಪ್ ಅಡಿಗೆ ಎರಡು ಕೂದಲೆಳೆ ಇಟ್ಟು ರೋಮ ನುಜ್ಜಾಗದಂತೆ ನೋಡಿಕೊಳ್ಳಿ. ಹತ್ತು ಹದಿನೈದು ನಿಮಿಷ ಬಿಡಿ, ಮುಟ್ಟಿದ ಆಘಾತಕ್ಕೆ ಕೋಶರಸದ ಹರಿವು ನಿಂತಿರುತ್ತದೆ. 40 ಎಕ್ಸ್ ಮಸೂರದಲ್ಲಿ, ಡಯಾಫ್ರಮ್ ಕಿರಿದು ಮಾಡಿ ನೋಡಿದರೆ ಸಣ್ಣ ಕಣಗಳು ರೋಮದ ಉದ್ದಕ್ಕೂ ಓಡಿ ಹಿಂತಿರುಗುವುದು ಕಾಣುತ್ತದೆ. ಅವು ಓಡುವ ದಾರಿ ಆಕ್ಟಿನ್ ಕಟ್ಟುಗಳದು. ಬೆಳೆಯುತ್ತಿರುವ ರೋಮದ ತುದಿಯಲ್ಲಿ ರಸದಾನಿ ಇರುವುದಿಲ್ಲ, ಬೆಳವಣಿಗೆ ಮುಗಿದದ್ದರಲ್ಲಿ ರಸದಾನಿ ತುದಿಯವರೆಗೂ ಬಂದಿರುತ್ತದೆ. ಎರಡನ್ನೂ ಒಂದೇ ಬೇರಿನಲ್ಲಿ ತೋರಿಸಬಹುದು.

ಕಾಲ್ಚಿಸಿನ್ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಕೊಡವರ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಮುಡಿಸುವ ತೋಕ್ ಪೂವಿನ (ಅಗ್ನಿಶಿಖೆಯ) ಗಿಡದಲ್ಲಿ, ಅದರಲ್ಲೂ ಗೆಡ್ಡೆ ಮತ್ತು ಬೀಜದಲ್ಲಿ, ಇರುವ ವಿಷ ಇದೇ. ಗೆಡ್ಡೆಯಿಂದ ರಸ ತೆಗೆದು ಪ್ರಯೋಗ ಮಾಡಲು ಯಾರಿಗೂ ಬಿಡಬೇಡಿ, ಪ್ರಾಣಕ್ಕೇ ಅಪಾಯ. ಸಸ್ಯದ ಟ್ಯುಬುಲಿನ್‌ಗಿಂತ ನಮ್ಮ ಟ್ಯುಬುಲಿನ್‌ಗೆ ಅದು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಬೇರಿಗೆ 0.05%ರಷ್ಟು ಗಟ್ಟಿ ದ್ರಾವಣ ಬೇಕಾಗುವುದೂ ಇದೇ ಕಾರಣಕ್ಕೆ.

ಎಂಎಸ್ಸಿ ವಿದ್ಯಾರ್ಥಿಗೆ: ನಳಿಕೆಗಳನ್ನು ಫ್ಲೋರೆಸೆನ್ಸ್‌ನಲ್ಲಿ ನೋಡಲು 50 ಮಿಲಿಮೋಲಾರ್ ಪೈಪ್ಸ್, 5 ಮಿಲಿಮೋಲಾರ್ ಇಜಿಟಿಎ, 5 ಮಿಲಿಮೋಲಾರ್ ಮೆಗ್ನೀಸಿಯಂ ಸಲ್ಫೇಟ್, ಪಿಎಚ್ 6.9 ಇರುವ ಬಫರಿನಲ್ಲಿ 4% ಪ್ಯಾರಾಫಾರ್ಮಾಲ್ಡಿಹೈಡ್ ತಯಾರಿಸಿ ಒಂದು ಗಂಟೆ ಫಿಕ್ಸ್ ಮಾಡು. ಐಸ್ ಮೇಲೆ ಮಾಡಬೇಡ. ಚಳಿಗೆ ನಳಿಕೆಗಳು ಫಿಕ್ಸ್ ಆಗುವ ಮೊದಲೇ ಕರಗುತ್ತವೆ. ಫ್ರಿಜ್‌ನಿಂದ ತೆಗೆದ ದ್ರಾವಣವನ್ನು ಕೋಣೆಯ ಬಿಸಿಗೆ ತಂದೇ ಬೇರು ಹಾಕಬೇಕು. ಬೇರನ್ನು ಗಾಳಿಯಲ್ಲಿ ಕತ್ತರಿಸದೆ ಫಿಕ್ಸೇಟಿವ್ ಒಳಗೇ ಕತ್ತರಿಸು. ಚೆನ್ನಾಗಿ ತೊಳೆದು 1% ಸೆಲ್ಯುಲೇಸ್ ಮತ್ತು ತುಸು ಪೆಕ್ಟಿನೇಸ್‌ನಲ್ಲಿ 15ರಿಂದ 30 ನಿಮಿಷ. ಕಡಿಮೆಯಾದರೆ ಆಂಟಿಬಾಡಿ ಒಳಗೆ ಹೋಗುವುದಿಲ್ಲ, ಹೊರಗಿನ ಕೋಶಗಳು ಮಾತ್ರ ಹೊಳೆಯುತ್ತವೆ. ಹೆಚ್ಚಾದರೆ ಸಾಲುಗಳು ಚದುರುತ್ತವೆ. ಪಾಲಿಲೈಸಿನ್ ಹಚ್ಚಿದ ಸ್ಲೈಡಿನ ಮೇಲೆ ಮೆಲ್ಲಗೆ ಸ್ಕ್ವಾಶ್ ಮಾಡಿ, 0.5% ಟ್ರೈಟಾನ್, ಆಮೇಲೆ 2% ಬಿಎಸ್‌ಎ, ನಂತರ ಆಲ್ಫಾ ಟ್ಯುಬುಲಿನ್ ಆಂಟಿಬಾಡಿಯಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ. ಫಿಕ್ಸ್ ಆದ ಮೇಲೆ ಚಳಿಯಿಂದ ತೊಂದರೆಯಿಲ್ಲ. ಆಕ್ಟಿನ್ ಇಷ್ಟಕ್ಕೆ ಉಳಿಯುವುದಿಲ್ಲ. ಅದಕ್ಕೆ ಮೊದಲು ಎಂಬಿಎಸ್ ಎಂಬ ಅಡ್ಡಬಂಧ ರಾಸಾಯನಿಕವನ್ನು 100–300 ಮೈಕ್ರೋಮೋಲಾರ್ ಕೊಟ್ಟು, ನಂತರ ಫಿಕ್ಸ್ ಮಾಡಿ, ಆಕ್ಟಿನ್ ಅನ್ನು ಹಿಡಿದು ಹೊಳೆಯುವ ಫ್ಯಾಲಾಯ್ಡಿನ್ ಹಾಕಬೇಕು. ಫ್ಯಾಲಾಯ್ಡಿನ್ ಬಳಸುವುದಾದರೆ ಮೆಥನಾಲ್ ಹತ್ತಿರ ಸುಳಿಯಬಾರದು, ಅದು ಹಿಡಿಯುವ ಜಾಗವೇ ಕೆಡುತ್ತದೆ.

ಕಾಫಿ ಬೇರು ಮಾತ್ರ ಮೊದಲ ಸಾಮಗ್ರಿಯಾಗಿ ಬೇಡ. ಬೀಜ ಮೊಳೆಯಲು ತಿಂಗಳು ಮೀರುತ್ತದೆ, ಪಾರ್ಚ್‌ಮೆಂಟ್ ಸುಲಿದು ಬಿತ್ತಿದರೆ ಸ್ವಲ್ಪ ಬೇಗ. ಹಳೆಯ ಬೀಜ ಮೊಳೆಯುವುದಿಲ್ಲ, ಆ ವರ್ಷದ ಕೊಯ್ಲಿನದೇ ಬೇಕು. ಬೇರಿನಲ್ಲಿ ಫೀನಾಲಿಕ್ ವಸ್ತುಗಳು ಹೆಚ್ಚು. ಫಿಕ್ಸ್ ಮಾಡುವಾಗ ಕಂದಾಗುತ್ತದೆ, ಕೋಶಭಿತ್ತಿ ತಾನೇ ನೀಲಿ-ಹಸಿರಾಗಿ ಹೊಳೆದು ನಳಿಕೆಯ ಹೊಳಪನ್ನು ನುಂಗುತ್ತದೆ. ಮೊದಲ ಆಂಟಿಬಾಡಿಗೆ ಅಂಟಿ ಹೊಳೆಯುವ ಎರಡನೆಯ ಆಂಟಿಬಾಡಿಯನ್ನು ಕೆಂಪು ಬಣ್ಣದ್ದು ತೆಗೆದುಕೊಂಡರೆ ಅನುಕೂಲ. ಮೊದಲ ಆಂಟಿಬಾಡಿ ಹಾಕದ ಒಂದು ಸ್ಲೈಡನ್ನು ಪ್ರತಿ ಬ್ಯಾಚಿನಲ್ಲೂ ಇಡು. ಅದರಲ್ಲೂ ಎಳೆಗಳು ಕಂಡರೆ ನೀನು ನೋಡುತ್ತಿರುವುದು ಭಿತ್ತಿಯನ್ನು. ಈರುಳ್ಳಿಯಲ್ಲಿ ಪ್ರೀಪ್ರೊಫೇಸ್ ಪಟ್ಟಿ ಸ್ಪಷ್ಟವಾಗಿ ಸಿಗುವವರೆಗೆ ಕೈ ಪಳಗಿಸಿಕೋ, ಆಮೇಲೆ ಕಾಫಿಗೆ ಬಾ. ಪಟ್ಟಿಯೇ ಕಾಣದಿದ್ದರೆ ಫಿಕ್ಸಿಂಗ್ ಕೆಟ್ಟಿದೆ ಎಂದೇ ತಿಳಿದುಕೊಂಡು ಬಫರಿನ ಪಿಎಚ್‌ನಿಂದ ಮತ್ತೆ ಶುರು ಮಾಡು.